ಒಣಗಿತಾ ಬಾಯಿ?

ನಮ್ಮ ಅಡುಗೆಕೋಣೆಯಲ್ಲಿ ಒಂದು ಮಣೆ ಇದೆ. ನೀವು ಮನೆಗೆ ಬಂದರೆ ಅದರ ವಿಷಯ ಒಂದು ಮಾತು ಹೇಳದೆ ಹೋಗುವವರಲ್ಲ. ಇದುವರೆಗೆ ಬಂದವರು ಯಾರೂ ಹಾಗೆ ಹೋಗಿಲ್ಲ. ಮಣೆಯೇನೋ ಚೆನ್ನಾಗಿಯೇ ಇದೆ. ಅರಸಿನ ಬಣ್ಣದ ಹೆಬ್ಬಲಸಿನ ಮರ, ನುಣ್ಣಗೆ ಕೀಸುಳಿ ಹೊಡೆದಿದ್ದಾರೆ, ಕೂತರೆ ಅಲ್ಲಾಡುವುದಿಲ್ಲ. ಆದರೆ ಅದರ ಮೈಮೇಲೆ ಗುಂಡುಸೂಜಿಯಲ್ಲಿ ಚುಚ್ಚಿದ ಹಾಗೆ ಹತ್ತಿಪ್ಪತ್ತು ತೂತುಗಳಿವೆ. ಪ್ರತಿ ತೂತಿನ ಸುತ್ತ ಕಾಡಿಗೆ ತೀಡಿದ ಹಾಗೆ ಕಪ್ಪು ಅಂಚು. ನೋಡಿದವರಿಗೆ ತಡೆಯುವುದಿಲ್ಲ. "ಕುಟ್ಟೆ ಹಿಡಿದದ್ದಲ್ವಾ, ಸೀಮೆಎಣ್ಣೆ ಹಾಕಿ" ಎನ್ನುತ್ತಾರೆ. "ನಾಲ್ಕು ದಿನ ಬಿಸಿಲಿಗೆ ಇಡಿ" ಎನ್ನುತ್ತಾರೆ. ನನ್ನ ನಾದಿನಿ ಅದನ್ನು ಬೆರಳಲ್ಲಿ ತಟ್ಟಿ ನೋಡಿ, "ಅತ್ತಿಗೇ, ಇದನ್ನು ಒಲೆಗೆ ಹಾಕಿ. ಮನೆಯ ಬಾಗಿಲಿಗೆಲ್ಲ ಹಬ್ಬಿದರೆ ಮತ್ತೆ ಎಂತ ಮಾಡುವುದು?" ಎಂದಳು.

ಮೊದಮೊದಲು ನಾನು ವಿವರಿಸುತ್ತಿದ್ದೆ. ಇದು ಮರ ತಿನ್ನುವ ಕುಟ್ಟೆಯಲ್ಲ, ಇದನ್ನು ಕೊರೆದ ಹುಳ ಮರವನ್ನು ತಿನ್ನುವುದೇ ಇಲ್ಲ, ಅದು ಕೊರೆದ ಓಣಿಯಲ್ಲಿ ಬೂಷ್ಟು ಬೆಳೆಸಿ ಆ ಬೂಷ್ಟನ್ನು ತಿನ್ನುತ್ತದೆ, ಈ ಕಪ್ಪು ಅದರ ಕಲೆ, ಈಗ ಇದರಲ್ಲಿ ಹುಳವೂ ಇಲ್ಲ, ಬೂಷ್ಟೂ ಇಲ್ಲ. ಇಷ್ಟು ಹೇಳುವಷ್ಟರಲ್ಲಿ ಬಂದವರ ಚಾ ಮುಗಿದಿರುತ್ತದೆ, ಅವರು ನಮ್ಮ ಯಜಮಾನರ ಮುಖವನ್ನು ಕನಿಕರದಿಂದ ನೋಡುತ್ತಿರುತ್ತಾರೆ. ಹಾಗಾಗಿ ಈಗ ಯಾರು ಏನೆಂದರೂ "ಹೌದು, ಸೀಮೆಎಣ್ಣೆ ಹಾಕಬೇಕು" ಎಂದುಬಿಡುತ್ತೇನೆ. ನಿಮಗೆ ಮಾತ್ರ ಪೂರ್ತಿ ಹೇಳುತ್ತೇನೆ. ಪೂರ್ತಿ ಎಂದರೆ ನನಗೆ ಅರ್ಥವಾದಷ್ಟು. ಅರ್ಥವಾದದ್ದು ಎಷ್ಟು ಎಂದು ಕೇಳಿದರೆ ಮಾತ್ರ ನಾನು ತಬ್ಬಿಬ್ಬಾಗುತ್ತೇನೆ.

ನಾನು ಮೂವತ್ತೊಂದು ವರ್ಷ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವಳು. ಪಾಠ ಮಾಡಬೇಕಾದದ್ದು ಕನ್ನಡ. ಸಣ್ಣ ಶಾಲೆಯಾದ್ದರಿಂದ ವಿಜ್ಞಾನವೂ ನನ್ನ ತಲೆಗೇ ಬಂದಿತ್ತು. ವಿಜ್ಞಾನದಲ್ಲಿ ನನಗೆ ಅಂಥ ಹೆಸರೇನೂ ಇರಲಿಲ್ಲ. ಕನ್ನಡದಲ್ಲಿ ಇತ್ತು, ಅದು ಅಡ್ಡಹೆಸರು: 'ಕರ್ತೃಪದ ಟೀಚರ್'. ನಮ್ಮ ಕಡೆಯ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಬಸ್ಸಿನಲ್ಲಿ ಇನ್ನೊಂದು, ಶಾಲೆಯಲ್ಲಿ ಮೂರನೆಯದು ಮಾತಾಡುವವರು. ಬರೆಯುವಾಗ ಯಾರು ಮಾಡಿದರು ಎಂಬುದನ್ನೇ ಬಿಟ್ಟುಬಿಡುತ್ತಾರೆ. "ಮಾವಿನಕಾಯಿ ಕದ್ದೆವು. ಓಡಿದೆವು. ಬಿದ್ದು ಹಲ್ಲು ಮುರಿಯಿತು." ಯಾರ ಹಲ್ಲು? ನಾನು ಕೆಂಪು ಶಾಯಿಯಲ್ಲಿ 'ಕರ್ತೃಪದ ಎಲ್ಲಿ?' ಎಂದು ಬರೆದು, ಕೆಳಗೆ ಎರಡು ಗೀರು ಎಳೆಯುತ್ತಿದ್ದೆ. ಎಷ್ಟು ನೋಟುಪುಸ್ತಕಗಳಲ್ಲಿ ಹಾಗೆ ಬರೆದೆನೋ ದೇವರಿಗೇ ಗೊತ್ತು. ಮನೆಗೆ ಬಂದ ಮೇಲೆ ಮಾತ್ರ ಎಲ್ಲರ ಹಾಗೆ "ಬಂದ್ರಾ?", "ತಿಂದ್ರಾ?", "ಹೋಗಿ ಆಯ್ತಾ?" ಎಂದೇ ಮಾತಾಡುತ್ತಿದ್ದೆ. ಅದು ನನಗೆ ಎಂದೂ ತಪ್ಪೆಂದು ಕಂಡಿರಲಿಲ್ಲ.

ಕುಟ್ಟೆಯ ವಿಷಯ ಬಂತಲ್ಲ. ನಾನು ಹುಟ್ಟಿದ ಮನೆಯ ತೊಲೆಗೆ ಕುಟ್ಟೆ ಹಿಡಿದಿತ್ತು. ಅಪ್ಪ ಊಟವಾದ ಮೇಲೆ ಸರಿಯಾಗಿ ಆ ತೊಲೆಯ ಕೆಳಗೇ ಪೇಪರ್ ಓದಲು ಕೂರುತ್ತಿದ್ದರು. ಓದುತ್ತ ಓದುತ್ತ ನಿದ್ದೆ. ಎದ್ದಾಗ ಅವರ ಬೋಳುತಲೆಯ ಮೇಲೆ ಅಕ್ಕಿಹಿಟ್ಟು ಜರಡಿ ಹಿಡಿದಷ್ಟು ಪುಡಿ ಇರುತ್ತಿತ್ತು. ನಾವು ಮಕ್ಕಳು, ಅಪ್ಪ ನಿದ್ದೆ ಮಾಡಿದಾಗ ಮುದುಕರಾಗಿ, ಎದ್ದು ತಲೆ ಒರೆಸಿಕೊಂಡಾಗ ಮತ್ತೆ ಚಿಕ್ಕವರಾಗುತ್ತಾರೆ ಎಂದು ನಂಬಿದ್ದೆವು. ಅಮ್ಮ ಎಷ್ಟು ಸಲ ಹೇಳಿದರೂ ಅವರು ಕುರ್ಚಿಯ ಜಾಗ ಬದಲಿಸಲಿಲ್ಲ. ಹುಳ ಮರವನ್ನು ತಿನ್ನುತ್ತದೆ, ತಿಂದದ್ದು ಪುಡಿಯಾಗಿ ಬೀಳುತ್ತದೆ, ಬಿದ್ದದ್ದನ್ನು ಅಮ್ಮ ಗುಡಿಸುತ್ತಾರೆ. ಮರ ಮತ್ತು ಹುಳದ ಸಂಬಂಧ ಇಷ್ಟೇ ಎಂದು ನಾನು ಕಲಿತದ್ದು. ಮುಂದೆ ಕರಿಹಲಗೆಯ ಮೇಲೆ ಬರೆದದ್ದೂ ಇದನ್ನೇ.

ಈಗ ಜುಲಿಯಾನ ಬಾಯಿಯ ವಿಷಯಕ್ಕೆ ಬರುತ್ತೇನೆ. ಬಾಯಿ ಎಂದರೆ ನಮ್ಮಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ಅವರದ್ದು ನಮ್ಮ ಪಕ್ಕದ ಮನೆ. ಶಿರಿಯ ಹೊಳೆಯ ಬದಿಯಿಂದ ಮೇಲೆ ಬಂದರೆ ಕೆಂಪು ಮುರಕಲ್ಲಿನ ಗುಡ್ಡೆ, ಗುಡ್ಡೆಯ ಹಿಂದೆ ಕಾಡು, ಕಾಡಿನ ಅಂಚಿಗೆ ನಮ್ಮ ಎರಡು ಮನೆಗಳು. ಎರಡೂ ಮನೆಗಳ ನಡುವೆ ಒಂದು ಹೆಬ್ಬಲಸಿನ ಮರ. ಅದನ್ನು ಯಾರೂ ನೆಟ್ಟದ್ದಲ್ಲ. ಕಾಡು ತನ್ನ ಒಂದು ಮರವನ್ನು ನಮ್ಮ ಹಿತ್ತಿಲಿಗೆ ಕಳುಹಿಸಿದಂತಿತ್ತು. ಬಾಯಿ ಮದುವೆಯಾಗಿ ಬರುವಾಗಲೇ ಅದು ಮನೆಗಿಂತ ಎತ್ತರ ಇತ್ತಂತೆ. ಜಾಗದ ಲೆಕ್ಕದಲ್ಲಿ ಅವರದ್ದು, ಹಣ್ಣು ಬೀಳುವುದು ಎರಡೂ ಕಡೆಗೆ. ಮುಳ್ಳುಚೆಂಡಿನಂಥ ಆ ಸಣ್ಣ ಹಣ್ಣಿನ ತೊಳೆ ತಿಂದು, ಬೀಜವನ್ನು ತೊಳೆದು ಬಾಯಿ ಮಳೆಗಾಲಕ್ಕೆ ಇಡುತ್ತಿದ್ದರು. ಜಡಿಮಳೆ ಹಿಡಿದಾಗ ಅದನ್ನು ಹುರಿದು, ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ನನಗೆ ಕೊಡುತ್ತಿದ್ದರು. ನಾನು ಅವರಿಗೆ ಮೊಸರಿಗೆ ಹೆಪ್ಪು ಕೊಡುತ್ತಿದ್ದೆ. ಅವರ ಮನೆಯಲ್ಲಿ ಹೆಪ್ಪು ಉಳಿಯುತ್ತಿರಲಿಲ್ಲ, ಏಕೆಂದು ಇಂದಿಗೂ ತಿಳಿಯದು. ಹಬ್ಬಕ್ಕೆ ಅವರು ಕಳ್ಳು ಹಾಕಿ ಉಬ್ಬಿಸಿದ ಸಾನ್ನಾ ಕಳುಹಿಸುತ್ತಿದ್ದರು, ಹತ್ತಿಯ ಹಾಗೆ ಮೆತ್ತಗಿನ ಇಡ್ಲಿ. ಯಜಮಾನರಿಗೆ ಕಳ್ಳಿನ ವಿಷಯ ಹೇಳದೆ ಬಡಿಸುತ್ತಿದ್ದೆ. ಅವರು "ಇವತ್ತಿನ ಇಡ್ಲಿ ಲಾಯ್ಕುಂಟು" ಎಂದು ಎರಡು ಹೆಚ್ಚು ತಿನ್ನುತ್ತಿದ್ದರು.

ಇಷ್ಟು ಚೆನ್ನಾಗಿದ್ದ ಕಡೆ ನಾನು ಗೋಡೆ ಕಟ್ಟಿಸಿದೆ. ನಿವೃತ್ತಿಯಾದ ಮೇಲೆ ನನಗೆ ಬಸಳೆಯ ಹುಚ್ಚು ಹಿಡಿದಿತ್ತು. ಬಾಯಿಯ ಕೋಳಿಗಳಿಗೂ ನನ್ನ ಬಸಳೆಯ ಬುಡವೇ ಬೇಕಿತ್ತು. ಎರಡು ಸಲ ಹೇಳಿದೆ, ಬಾಯಿ ಕೋಳಿಗಳಿಗೆ ಕೊಂಕಣಿಯಲ್ಲಿ ಬೈದರು, ಕೋಳಿಗಳು ಕೇಳಲಿಲ್ಲ. ಕೊನೆಗೆ ಮುರಕಲ್ಲಿನಲ್ಲಿ ಎದೆಮಟ್ಟದ ಗೋಡೆ ಎಬ್ಬಿಸಿದೆ. ಗೋಡೆ ಮುಗಿದ ಮರುದಿನವೇ ಕೋಳಿಗಳು ಹಾರಿ ಅದರ ಮೇಲೆ ಕೂತು, ಅಲ್ಲಿಂದ ಬಸಳೆಗೆ ಇಳಿದವು. ಅಂತೂ ಗೋಡೆ ಉಳಿಯಿತು. ಮೊದಲು ಹಿತ್ತಿಲಲ್ಲೇ ಬಂದು ಹೋಗುತ್ತಿದ್ದ ನಾವು ಈಗ ರಸ್ತೆಯಲ್ಲಿ ಸುತ್ತಿ ಹೋಗಬೇಕಿತ್ತು. ಸುತ್ತುವುದು ಯಾಕೆಂದು ಗೋಡೆಯ ಎರಡು ಬದಿಯಲ್ಲಿ ನಿಂತು ಮಾತಾಡುವ ಅಭ್ಯಾಸವಾಯಿತು. ಬಾಯಿ ಕುಳ್ಳು, ಗೋಡೆಯ ಮೇಲೆ ಅವರ ತಲೆ, ಒಂದು ಜೊತೆ ಕನ್ನಡಕ, ಇಷ್ಟೇ ನನಗೆ ಕಾಣುತ್ತಿದ್ದದ್ದು.

ಎರಡು ವರ್ಷ ಕಳೆಯಿತು. ಒಂದು ಬೇಸಗೆಯಲ್ಲಿ ಬಾಯಿ ಹಣ್ಣು ಹೆಕ್ಕಲು ಹೋಗಿ ಅದೇ ಮರದ ಬೇರನ್ನು ಎಡವಿ ಬಲಗಾಲಿನ ಕಿರುಬೆರಳಿನ ಹತ್ತಿರ ಗಾಯ ಮಾಡಿಕೊಂಡರು. ಅವರಿಗೆ ಸಕ್ಕರೆ ಕಾಯಿಲೆ. "ಡಾಕ್ಟ್ರು ಬೇಗ ಒಣಗಬೇಕು ಅಂತ ಹೇಳಿದ್ದಾರೆ ಟೀಚರೇ, ಇಲ್ಲದಿದ್ರೆ ಆಗುವುದಿಲ್ಲ ಅಂತೆ" ಎಂದು ಗೋಡೆಯಾಚೆಯಿಂದ ನಗುತ್ತ ಹೇಳಿದರು. ನಾನು "ಜಾಗ್ರತೆ ಬಾಯಿ" ಎಂದು ಹೇಳಿ ಬಸಳೆಗೆ ಚಪ್ಪರ ಕಟ್ಟಲು ಹೋದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಅದೇ ತಿಂಗಳು ಮರದ ಬುಡದಲ್ಲಿ ಪುಡಿ ಕಂಡಿತು. ಅಪ್ಪನ ತಲೆಯ ಮೇಲೆ ಬೀಳುತ್ತಿದ್ದಂಥ ಪುಡಿಯಲ್ಲ. ತೊಗಟೆಯ ಮೇಲೆ ಬಿಳಿ ಶಾವಿಗೆಯ ಸಣ್ಣ ಸಣ್ಣ ತುಂಡುಗಳು ನೆಟ್ಟಗೆ ನಿಂತಿದ್ದವು, ಮುಟ್ಟಿದರೆ ಹುಡಿಯಾಗುತ್ತಿದ್ದವು. ಕೆಲವು ಕಡೆ ತೂತಿನಿಂದ ಕಂದು ನೀರು ಇಳಿದು ಕಲೆಯಾಗಿತ್ತು. ನಾನು ಮೊದಲು ನೋಡಿದ್ದು ಗೋಡೆಯ ಬುಡವನ್ನು. ಕಾರಣ ನಿಮಗೆ ಹೇಳಬಹುದು, ಆಗ ಯಾರಿಗೂ ಹೇಳಿರಲಿಲ್ಲ. ಗೋಡೆಯ ಅಡಿಪಾಯ ತೋಡುವಾಗ ಕೈತೋಳಿನಷ್ಟು ದಪ್ಪದ ಮೂರು ಬೇರು ಅಡ್ಡ ಬಂದಿದ್ದವು. ಕೆಲಸದವರು "ಎಂತ ಮಾಡುವುದು ಟೀಚರೇ?" ಎಂದು ಕೇಳಿದ್ದರು. ನಾನು "ಕಡಿಯಿರಿ" ಎಂದಿದ್ದೆ.

ಕೃಷಿಭವನಕ್ಕೆ ಫೋನು ಮಾಡಿದೆ. ಬಂದದ್ದು ತೆಂಕು ಕೇರಳದಿಂದ ವರ್ಗವಾಗಿ ಬಂದಿದ್ದ ಒಬ್ಬ ತರುಣ ಆಫೀಸರ್. ಕನ್ನಡ ಒಂದಕ್ಷರ ಬಾರದು. ಬಾಯಿಗೆ ಮಲಯಾಳ ಬಾರದು. ನಾನು ನಡುವೆ ನಿಂತು ತರ್ಜುಮೆ ಮಾಡುವವಳಾದೆ. ಟೀಚರ್ ಅಲ್ಲವೇ, ಎಲ್ಲ ಬರುತ್ತದೆ ಎಂದು ಬಾಯಿಯ ನಂಬಿಕೆ. ನನಗೂ ಹಾಗೆಯೇ ಇತ್ತೆನ್ನಿ.

ಆ ಹುಡುಗ ತುಂಬ ಆಸಕ್ತಿಯವನು. ಒಣಗಿದ ಒಂದು ಗೆಲ್ಲನ್ನು ಕತ್ತಿಯಲ್ಲಿ ಸೀಳಿ ತೋರಿಸಿದ. ಒಳಗೆ ಕಪ್ಪು ಗೆರೆಯ ಓಣಿಗಳು, ಓಣಿಯ ಗೋಡೆಗೆ ಬಿಳಿ ಮಖಮಲ್ಲು ಅಂಟಿದ ಹಾಗೆ ಏನೋ, ಒಂದು ಓಣಿಯ ಕೊನೆಯಲ್ಲಿ ಎಳ್ಳಿಗಿಂತ ಸಣ್ಣ ಕಂದು ಹುಳ. "ಇದು ತಡಿ ತಿನ್ನುನ್ನಿಲ್ಲ ಟೀಚರೇ. ಉಳ್ಳಿಲ್ ಪೂಪ್ಪಲ್ ವಳರ್ತುಕಯಾಣ್" ಎಂದ.

ನಾನು ಬಾಯಿಯತ್ತ ತಿರುಗಿ, "ಇದು ಮರವನ್ನು ತಿನ್ನುವುದಿಲ್ಲ ಅಂತೆ ಬಾಯಿ. ಒಳಗೆ ಹೂ ಬೆಳೆಸ್ತಾ ಉಂಟಂತೆ" ಎಂದೆ.

ಪೂ ಎಂದರೆ ಹೂ. ತುಳುವಿನಲ್ಲಿಯೂ ಹೂ, ಮಲಯಾಳದಲ್ಲಿಯೂ ಹೂ. ಪೂಪ್ಪಲ್ ಎಂದರೆ ಹೂವಿನದೇ ಏನೋ ಒಂದು ಬಗೆ ಇರಬೇಕು ಎಂದು ನನ್ನ ವ್ಯಾಕರಣ ನನಗೆ ಹೇಳಿತು. ಬಾಯಿಗೆ ಆಶ್ಚರ್ಯ. "ಹುಳವಾ? ಹೂವಾ? ಎಂಥ ಹೂ?" ನಾನು ಕೇಳಿದೆ. ಆತ ವಿವರಿಸಿದ. ಹೆಣ್ಣು ಹುಳ ಆ ಪೂಪ್ಪಲಿನ ಬೀಜವನ್ನು ತನ್ನ ಮೈಯ ಒಂದು ಚೀಲದಲ್ಲಿ ಹೊತ್ತು ತರುತ್ತದಂತೆ. ಓಣಿ ಕೊರೆದು ಬಿತ್ತುತ್ತದಂತೆ, ಕಳೆ ಬಾರದ ಹಾಗೆ ನೋಡಿಕೊಳ್ಳುತ್ತದಂತೆ. ಮರಿಗಳಿಗೆ ಅದೇ ಊಟ. ತಾಯಿ ಸತ್ತರೆ ತೋಟ ಹಾಳು, ಮರಿಗಳೂ ಉಳಿಯುವುದಿಲ್ಲ. ಅಷ್ಟೆಲ್ಲ ನನಗೆ ಸರಿಯಾಗಿಯೇ ತಿಳಿಯಿತು, ಹೂವೊಂದನ್ನು ಬಿಟ್ಟು. ಬಾಯಿ ಕೇಳಿ ಕೇಳಿ, "ಪಾಪ, ತಾಯಿ ಹೂವಿನ ಬೀಜ ಕಟ್ಟಿಕೊಂಡು ಬರುವುದಾ? ನಾನು ನಿಮ್ಮಲ್ಲಿಂದ ಹೆಪ್ಪು ತಂದ ಹಾಗೆ" ಎಂದರು. ಈಗ ಯೋಚಿಸಿದರೆ, ಪೂಪ್ಪಲ್ ಎಂದರೆ ಏನೆಂದು ಸರಿಯಾಗಿ ಹೇಳಿದ್ದು ಅವರೇ.

ಮತ್ತೆ ಆತ ಇನ್ನೊಂದು ವಿಚಿತ್ರ ಹೇಳಿದ. ಆರೋಗ್ಯ ಕೆಟ್ಟ ಮರದಿಂದ ಹೆಂಡದಂಥ ವಾಸನೆ ಹೊರಡುತ್ತದಂತೆ. ನಮಗೆ ತಿಳಿಯದು, ಹುಳಕ್ಕೆ ಕಾಡಿನ ಆಚೆಯಿಂದಲೇ ತಿಳಿಯುತ್ತದೆ, ಅದನ್ನು ಹಿಡಿದು ಬರುತ್ತದೆ. ನಾನು ತರ್ಜುಮೆ ಮಾಡಿದೆ. ತೀರಿಕೊಂಡ ಗಂಡನನ್ನು ನೆನೆದೋ ಏನೋ ಬಾಯಿ, "ಹಾಗಾದ್ರೆ ನಮ್ಮ ಮರ ಸಹ ನಮ್ಮವರ ಹಾಗೆಯೇ" ಎಂದು ನಕ್ಕರು. ಆತ ಗೋಡೆಯ ಬುಡ ನೋಡಿದ. "ವೇರ್ ಮುರಿಚ್ಚಿರುನ್ನೋ?" ಎಂದು ಕೇಳಿದ. ವೇರ್ ಎಂದರೆ ಬೇರು. ಬೇರು ಕಡಿದಿದ್ದಿರಾ ಎಂದು.

ಇದು ನನಗೆ ಚೆನ್ನಾಗಿ ಅರ್ಥವಾಯಿತು. ಇದನ್ನು ನಾನು ತರ್ಜುಮೆ ಮಾಡಲಿಲ್ಲ. "ಎಂತ ಹೇಳಿದ್ದು?" ಎಂದು ಬಾಯಿ ಕೇಳಿದಾಗ "ಗೋಡೆ ಗಟ್ಟಿ ಉಂಟು ಅಂತೆ" ಎಂದೆ. ನಾಚಿಕೆಯಿಂದ ಗೋಡೆಯ ಕಡೆ ತಿರುಗಿ, ಪುಡಿ ತಾಗಿದ ಕಲ್ಲನ್ನು ಒರೆಸತೊಡಗಿದೆ. ಹೊರಡುವಾಗ ಆತ ನನ್ನ ಬೆನ್ನ ಹಿಂದಿನಿಂದ ಮೆಲ್ಲಗೆ ಒಂದು ಮಾತು ಹೇಳಿದ: "ರಂಡ್ ಮಾಸಂ ಕೊಂಡ್ ಉಣಙ್ಙುಂ. ಪೇಡಿಕ್ಕಂಡ ಅಮ್ಮಚ್ಚೀ."

ಎರಡು ತಿಂಗಳಲ್ಲಿ ಒಣಗುತ್ತದೆ, ಹೆದರಬೇಡಿ. ಅಬ್ಬ! ಮರದ ತೂತು ಒಣಗುತ್ತದೆ, ನೀರಿಳಿಯುವುದು ನಿಲ್ಲುತ್ತದೆ, ನನ್ನ ಗೋಡೆ ಅದನ್ನು ಕೊಂದಿಲ್ಲ. ನಾನು ಉಬ್ಬಿಹೋಗಿ, "ಒಣಗ್ತದಂತೆ ಬಾಯಿ! ಹೆದರುವುದು ಬೇಡ ಅಂತೆ" ಎಂದೆ. ಬಾಯಿ ನಿಟ್ಟುಸಿರು ಬಿಟ್ಟು ಶಿಲುಬೆಯ ಗುರುತು ಮಾಡಿದರು. ಆತನ ಜೀಪು ಹೋದ ಮೇಲೆ ನನಗೆ ಸಂಶಯ ಶುರುವಾಯಿತು. ಗಾಯ ಒಣಗಿದರೆ ಗುಣವಾಯಿತು ಎಂದರ್ಥ. ಮರ ಒಣಗಿದರೆ ಸತ್ತಿತು ಎಂದರ್ಥ. ಆತ ಹೇಳಿದ್ದು ತೂತು ಒಣಗುತ್ತದೆ ಎಂದೋ ಮರ ಒಣಗುತ್ತದೆ ಎಂದೋ? ಮಲಯಾಳದಲ್ಲೂ ಅದೇ ಮಾತು, ಕನ್ನಡದಲ್ಲೂ ಅದೇ ಮಾತು, ಎರಡರಲ್ಲೂ ಅದೇ ಗೊಂದಲ. 'ಕರ್ತೃಪದ ಎಲ್ಲಿ?' ಎಂದು ಆತನ ಜೀಪಿನ ಹಿಂದೆ ಓಡಿ ಕೇಳಲಾಗುತ್ತದೆಯೇ?

ಅಂದಿನಿಂದ ನನಗೆ ಒಂದೇ ಚಿಂತೆ. ಪುಡಿ ಕಾಣುವುದು ಹೆಚ್ಚಾಗಿ ಬಾಯಿಯ ಬದಿಗೆ. ಹಾಗಾಗಿ ದಿನಾ ಬೆಳಿಗ್ಗೆ ಗೋಡೆಯ ಬಳಿ ಹೋಗಿ ಕೂಗುತ್ತಿದ್ದೆ: "ಒಣಗಿತಾ ಬಾಯಿ?" ಒಂದು ದಿನ ಗೇಟಿನಲ್ಲಿ ಮೀನು ಮಾರುತ್ತಿದ್ದವಳು ತನ್ನನ್ನೇ ಕೇಳಿದ್ದೆಂದು ತಿಳಿದು, "ಇಲ್ಲ ಟೀಚರೇ, ಈಗ ನೀರು ಕುಡಿದದ್ದಷ್ಟೆ, ಬಾಯಿ ಒಣಗಲಿಲ್ಲ" ಎಂದಳು. ಗೋಡೆಯಾಚೆ ಬಾಯಿ ನಕ್ಕದ್ದು ಕೇಳಿಸಿತು. ಬಾಯಿ ಕೊಡುತ್ತಿದ್ದ ಉತ್ತರವನ್ನು ನಾನು ಶಾಲೆಯ ಹಳೆಯ ಡೈರಿಯಲ್ಲಿ ಬರೆದಿಡುತ್ತಿದ್ದೆ. ಡೈರಿ ಈಗಲೂ ಇದೆ. ಸೋಮವಾರ: ಸ್ವಲ್ಪ ಒಣಗಿದ ಹಾಗೆ ಉಂಟು. ಗುರುವಾರ: ಪುನಃ ನೀರು ಬಿಡುತ್ತಿದೆ. ಶನಿವಾರ: ಸುತ್ತಲೂ ಕೆಂಪಾಗಿದೆ. ಕೆಂಪು ಯಾಕೆ ಎಂದು ನಾನು ತಲೆ ಕೆರೆದುಕೊಂಡು, ಮುರಕಲ್ಲಿನ ಹುಡಿ ತಾಗಿರಬೇಕು ಎಂದು ಪಕ್ಕದಲ್ಲಿ ಬರೆದೆ. ಮುಂದಿನ ವಾರ: ಸೆಳೆತ ಉಂಟು, ಮಲಗಲಿಕ್ಕೆ ಆಗುವುದಿಲ್ಲ. ಇದನ್ನು ಕೇಳಿ ನನಗೆ ನಿಜವಾಗಿ ಹೆದರಿಕೆಯಾಯಿತು. ಗಾಳಿಗೆ ಮರ ಅವರ ಮನೆಯ ಕಡೆ ಸೆಳೆಯುತ್ತಿದೆ, ಆ ಹೆದರಿಕೆಗೆ ಬಾಯಿಗೆ ನಿದ್ದೆ ಬರುತ್ತಿಲ್ಲ ಎಂದುಕೊಂಡೆ. ಗೋಡೆಯ ಮೇಲಿಂದ ಮರವನ್ನು ಎಷ್ಟು ಸಲ ನೋಡಿದರೂ ವಾಲಿದ್ದು ಕಾಣಲಿಲ್ಲ.

ಮಳೆ ಹಿಡಿದಿತ್ತು. ಒಂದು ದಿನ ಬಾಯಿಯೇ ನನ್ನನ್ನು ಕರೆದರು. ಗೋಡೆಯ ಮೇಲೆ ಕೊಡೆ, ಕೊಡೆಯ ಕೆಳಗೆ ಕನ್ನಡಕ.

"ಟೀಚರೇ, ತೆಗೆಯಬೇಕು ಅಂತ ಹೇಳ್ತಾರೆ."

ನನಗೆ ಕೋಪ ಬಂತು. ಯಾರೋ ಮರದ ವ್ಯಾಪಾರದವರು ಬಂದು ತಲೆಗೆ ಹಾಕಿದ್ದಾರೆ ಎಂದುಕೊಂಡೆ. "ಅವರಿಗೆಂತ ಬಾಯಿ, ಹೇಳ್ತಾರೆ. ತೆಗೆದದ್ದು ಮತ್ತೆ ಬರ್ತದಾ? ಎರಡು ತಿಂಗಳು ಆಗ್ಲಿಲ್ಲ ಅಲ್ವಾ? ಕಾಯುವ. ಒಣಗ್ತದೆ" ಎಂದೆ.

"ಒಣಗ್ತದಲ್ವಾ?"

"ನಾನು ಹೇಳ್ತೇನೆ, ಒಣಗ್ತದೆ."

ಶಾಲೆಯಲ್ಲಿ ನಾನು ಇದೇ ಸ್ವರದಲ್ಲಿ ಉತ್ತರ ಹೇಳುತ್ತಿದ್ದದ್ದು. ತಿಳಿಯದಿದ್ದಾಗ ಹೆಚ್ಚು ಗಟ್ಟಿಯಾಗಿ ಹೇಳುತ್ತಿದ್ದೆ.

ಹದಿನೈದು ದಿನವಾದ ಮೇಲೆ ಬಾಯಿ "ಮಂಗಳೂರಿಗೆ ಮಗಳಲ್ಲಿಗೆ ಹೋಗಿ ಬರ್ತೇನೆ" ಎಂದು ಹೋದರು. ಆಗಲೇ ಒಂದು ದಿನ ನಮ್ಮ ಯಜಮಾನರು ಕೃಷಿಭವನದಿಂದ ತೆಂಗಿನ ವಿಷಯದ ಒಂದು ಮಲಯಾಳ ಕರಪತ್ರ ತಂದರು. ಅದರಲ್ಲಿ ಬೂಷ್ಟು ಹಿಡಿದು ಹಾಳಾದ ಕೊಬ್ಬರಿಯ ಚಿತ್ರ. ಕೆಳಗೆ ದೊಡ್ಡಕ್ಷರದಲ್ಲಿ ಪೂಪ್ಪಲ್ ಎಂದಿತ್ತು.

ನಾನು ಕರಪತ್ರ ಹಿಡಿದುಕೊಂಡು ನಿಂತಲ್ಲೇ ಕೂತೆ. ಹೂವಲ್ಲ, ಬೂಷ್ಟು! ಉಪ್ಪಿನಕಾಯಿ ಭರಣಿಯಲ್ಲಿ ಕಂಡರೆ ಕಿರುಚುವ ಬೂಷ್ಟು, ಪಾಠಪುಸ್ತಕದಲ್ಲಿ ಶಿಲೀಂಧ್ರ ಎಂದು ನಾನೇ ಬಾಯಿಪಾಠ ಮಾಡಿಸಿದ ಬೂಷ್ಟು. ಒಂದು ತಪ್ಪು ಎಂದ ಮೇಲೆ ಎಲ್ಲವೂ ಸಡಿಲವಾಗತೊಡಗಿತು. ಹುಳ ಮರವನ್ನು ತಿನ್ನದು, ತಿನ್ನುವುದು ಬೂಷ್ಟು. ಬೂಷ್ಟಿಗೆ ಕಾಲಿಲ್ಲ, ಹೊತ್ತು ತರುವುದು ಹುಳ. ಹುಳ ಬಂದದ್ದು ಮರ ವಾಸನೆ ಬಿಟ್ಟು ಕರೆದದ್ದಕ್ಕೆ. ಮರ ಆ ವಾಸನೆ ಬಿಟ್ಟದ್ದು ಬೇರು ಹೋದದ್ದಕ್ಕೆ. ಬೇರು ಹೋದದ್ದು ಬಸಳೆಗೆ, ಬಸಳೆಯಲ್ಲ ಕೋಳಿಗೆ, ಕೋಳಿಯಲ್ಲ ನನಗೆ. ಕಾಡಿನಲ್ಲಾದರೆ ಇದೇ ಹುಳ ಇದೇ ಬೂಷ್ಟು ತಂದು ಮುಗಿದ ಮರವನ್ನು ಮಣ್ಣು ಮಾಡುತ್ತದೆ, ಅದನ್ನು ಯಾರೂ ರೋಗವೆನ್ನುವುದಿಲ್ಲ, ಆಫೀಸರನ್ನೂ ಕರೆಯುವುದಿಲ್ಲ. ಮರ ಒಣಗಿತು. ಎರಡು ಪದದ ವಾಕ್ಯ. ಒಣಗಿಸಿದ್ದು ಯಾರು ಎಂದು ಪರೀಕ್ಷೆಯಲ್ಲಿ ಕೇಳಿದರೆ ನಾನು ಏನು ಬರೆಯಲಿ? ಹುಳ ಎಂದರೂ ಅರ್ಧ ಅಂಕ, ಬೂಷ್ಟು ಎಂದರೂ ಅರ್ಧ ಅಂಕ. ಮರ ತಾನಾಗಿ ಸಾಯುತ್ತಿತ್ತೋ, ಇವು ಬಂದದ್ದಕ್ಕೆ ಸತ್ತಿತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಜಡಿಮಳೆಯ ಆಟಿ ತಿಂಗಳು ಮುಗಿಯುವ ಹೊತ್ತಿಗೆ ಎಲೆಗಳು ಹಳದಿಯಾಗಿ ಮಳೆಯಲ್ಲೇ ಉದುರತೊಡಗಿದವು. ಬಾಯಿ ಊರಿಗೆ ಮರಳಿದ್ದರು, ಗೋಡೆಯ ಬಳಿ ಮಾತ್ರ ಬಂದಿರಲಿಲ್ಲ. ಒಂದು ಬೆಳಿಗ್ಗೆ ಗಾಳಿಗೆ ಒಂದು ಗೆಲ್ಲು ಮುರಿದು ನನ್ನ ಗೋಡೆಯ ಮೇಲೆಯೇ ಬಿತ್ತು. ಇನ್ನು ತಡೆಯಬಾರದು ಎಂದು ಹೊರಟೆ. ಹೂವಲ್ಲ ಬೂಷ್ಟು, ಬೇರು ಕಡಿಸಿದ್ದು ನಾನು, ಮರ ಉಳಿಯುವುದಿಲ್ಲ. ಮೂರನ್ನೂ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು, ರಸ್ತೆಯಲ್ಲಿ ಸುತ್ತಿ, ಎಷ್ಟೋ ತಿಂಗಳ ಮೇಲೆ ಅವರ ಮನೆಯ ಮೆಟ್ಟಿಲು ಹತ್ತಿದೆ. ಬಾಯಿ ಜಗಲಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು.

"ಬಾಯಿ, ಇನ್ನು ತೆಗೆಯದೆ ಆಗುವುದಿಲ್ಲ" ಎಂದೆ, ಏದುಸಿರು ಬಿಡುತ್ತ.

"ತೆಗೆದಾಯ್ತಲ್ಲ ಟೀಚರೇ" ಎಂದರು ಅವರು.

"ಎಲ್ಲಿ ತೆಗೆದದ್ದು? ಅಲ್ಲೇ ಉಂಟಲ್ಲ!" ನಾನು ಮರದ ಕಡೆ ಕೈ ತೋರಿಸಿದೆ.

ಬಾಯಿ ನನ್ನ ಕೈಯನ್ನು ನೋಡಿದರು, ಮರವನ್ನು ನೋಡಿದರು. ಆಮೇಲೆ ತಮ್ಮ ಕಾಲನ್ನು ನೋಡಿದರು. ಅದು ಒಂದು ಸ್ಟೂಲಿನ ಮೇಲೆ ಇತ್ತು. ಬಿಳಿ ಬಟ್ಟೆ ಸುತ್ತಿತ್ತು. ಕಿರುಬೆರಳು ಇರಬೇಕಾದ ಜಾಗದಲ್ಲಿ ಬಟ್ಟೆ ತಗ್ಗಾಗಿತ್ತು.

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಮತ್ತೆ ಎಲ್ಲವೂ ಒಟ್ಟಿಗೆ ತಿಳಿಯಿತು: ಕೆಂಪಾಗಿದೆ, ನೀರು ಬಿಡುತ್ತಿದೆ, ಸೆಳೆತ ಉಂಟು. ಅವರ ಎದುರು ನೆಲದಲ್ಲೇ ಕೂತುಬಿಟ್ಟೆ.

"ಹಾಗಾದ್ರೆ ನೀವು ದಿನಾ ಕೇಳ್ತಾ ಇದ್ದದ್ದು ಎಂತ?" ಎಂದು ಬಾಯಿ ಕೇಳಿದರು.

ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿ ಬರಲಿಲ್ಲ. "ಮರ" ಎಂದೆ.

ಬಾಯಿ ಕಾಲಿನ ಬಟ್ಟೆಯ ಅಂಚನ್ನು ಸರಿಮಾಡಿಕೊಂಡರು. "ನಾನು ಎಣಿಸಿದ್ದು, ನನ್ನ ಮಕ್ಕಳಿಗೆ ಸಹ ದಿನಾ ಕೇಳ್ಲಿಕ್ಕೆ ಪುರ್ಸೊತ್ತಿಲ್ಲ, ಟೀಚರ್ ಕೇಳ್ತಾರಲ್ಲ ಅಂತ" ಎಂದರು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ನಾನು ಅತ್ತುಬಿಟ್ಟೆ. ಮೂವತ್ತೊಂದು ವರ್ಷ ಮಕ್ಕಳನ್ನು ಅಳಿಸಿದ್ದೆ, ಹಾಗೆ ಯಾರ ಎದುರೂ ನಾನು ಅತ್ತದ್ದಿಲ್ಲ.

"ನಾನು ಕಾಯುವ ಅಂತ ಹೇಳಿದ್ದಕ್ಕೆ ಹೋದದ್ದಾ ಬಾಯಿ ಬೆರಳು? ಮೊದಲೇ ಹೋಗಿದ್ರೆ ಉಳೀತಿತ್ತಾ?"

"ಅದು ಡಾಕ್ಟ್ರಿಗೂ ಗೊತ್ತಿಲ್ಲ ಅಂತೆ. ಕ್ರಿಮಿಯಿಂದಲಾ, ಸಕ್ಕರೆಯಿಂದಲಾ, ತಡ ಆದದ್ದಕ್ಕಾ ಅಂತ ನಾನೂ ಕೇಳಿದೆ. ಎಲ್ಲ ಸೇರಿ ಅಂದ್ರು. ನಿಮಗೆಂತ ಗೊತ್ತಾಗುವುದು ಮಾರಾಯ್ರೆ? ಆ ಹದಿನೈದು ದಿನ ನಾನು ಧೈರ್ಯದಲ್ಲಿದ್ದೆ, ಅದು ಸುಳ್ಳಾ?" ಎಂದು ತಮ್ಮ ಸೆರಗನ್ನೇ ನನಗೆ ಕೊಟ್ಟರು.

ನಾನು ಬೇರಿನ ವಿಷಯ ಹೇಳಿದೆ. ಬಾಯಿ, "ಗೊತ್ತುಂಟು. ಬೇರು ಕಡಿದ ದಿನ ಕೆಲಸದವರಿಗೆ ಚಾ ಕೊಟ್ಟದ್ದು ನಾನೇ ಅಲ್ವಾ?" ಎಂದರು. ಬೂಷ್ಟಿನ ವಿಷಯ ಹೇಳಿದಾಗ ಮಾತ್ರ ಅವರಿಗೆ ಬೇಸರವಾಯಿತು. ಮಗಳ ಮನೆಯಲ್ಲಿ ಎಲ್ಲರಿಗೂ ಹೂವಿನ ಕಥೆ ಹೇಳಿ ಬಂದಿದ್ದರಂತೆ.

"ಆದ್ರೆ ಆ ಹುಡುಗ ಒಣಗ್ತದೆ ಅಂದದ್ದು? ತೂತು ಒಣಗಿತು ಅಂದ್ರೆ ಮರ ಉಳಿಯಿತು. ಮರ ಒಣಗಿತು ಅಂದ್ರೆ ಸತ್ತೇಹೋಯ್ತು. ಅವ ಹೇಳಿದ್ದು ಎಂತ ಅಂತ ನನಗೆ ಈಗಲೂ ಗೊತ್ತಾಗ್ಲಿಲ್ಲ" ಎಂದೆ.

ಬಾಯಿ ನನ್ನನ್ನು ಒಂದು ದಡ್ಡ ಮಗುವನ್ನು ನೋಡುವ ಹಾಗೆ ನೋಡಿದರು. "ಅವ ನನ್ನ ಕಾಲು ನೋಡಿ ಹೇಳಿದ್ದಲ್ವಾ ಟೀಚರೇ? ಬಗ್ಗಿ ನೋಡಿದ್ದ. ನಿಮ್ಮನ್ನು ಅವ ಟೀಚರ್ ಅಂತ ಕರೆದದ್ದು. ಅಮ್ಮಚ್ಚಿ ಅಂದದ್ದು ನನ್ನನ್ನು. ನನಗೆ ಮಲಯಾಳ ಗೊತ್ತಿಲ್ಲ, ಆದ್ರೆ ಅಷ್ಟು ಗೊತ್ತಾಗ್ತದೆ. ನೀವು ಆಗ ಗೋಡೆ ಒರೆಸ್ತಾ ಇದ್ರಿ."

ಮರವನ್ನು ಮಳೆ ಬಿಟ್ಟ ಮೇಲೆ ತೆಗೆಸಿದರು. ಬಾಯಿ ಆಚಾರಿಗೆ ಹೇಳಿ ಎರಡು ಮಣೆ ಮಾಡಿಸಿ, ಒಂದನ್ನು ನನಗೆ ಕೊಟ್ಟರು. ತೂತು ಹೆಚ್ಚಿರುವುದು ನನ್ನದರಲ್ಲಿ. ಅದು ಬೇಕೆಂದೇ ಮಾಡಿದ್ದೋ ಏನೋ, ಕೇಳಿಲ್ಲ. ತರಕಾರಿ ಹೆಚ್ಚುವಾಗ ಅದರ ಮೇಲೆ ಕೂರುತ್ತೇನೆ. ಆ ತೂತುಗಳಲ್ಲಿ ಒಂದೊಂದು ತಾಯಿ ಹೆಪ್ಪು ಹೊತ್ತು ಬಂದು ಮನೆ ಮಾಡಿದ್ದಳು ಎಂದು ನೆನಪಾಗುತ್ತದೆ. ಅವಳನ್ನು ಬೈಯಬೇಕೋ ಬೇಡವೋ ಎಂದು ತೀರ್ಮಾನವಾಗುವ ಮೊದಲು ತರಕಾರಿ ಮುಗಿದಿರುತ್ತದೆ. ಗೋಡೆ ಹಾಗೆಯೇ ಇದೆ. ಕೋಳಿಗಳೂ ಹಾಗೆಯೇ ಇವೆ.

ಕಳೆದ ವಾರ ಬಾಯಿಯ ಇನ್ನೊಂದು ಬೆರಳಿನ ಸಂದಿಯಲ್ಲಿ ಸ್ವಲ್ಪ ಕೆಂಪು ಕಂಡಿತ್ತು. ಇವತ್ತು ಬೆಳಿಗ್ಗೆ ನಾನು ಗೋಡೆಯ ಬಳಿ ನಿಂತು ಕೂಗಿದೆ: "ಬಾಯಿ, ನಿಮ್ಮ ಬಲಗಾಲಿನ ನಾಲ್ಕನೇ ಬೆರಳಿನ ಸಂದಿಯ ಗಾಯ ಒಣಗಿತಾ?"

ಗೋಡೆಯಾಚೆ ನಗು. "ಎಂತ ಟೀಚರೇ, ಪುನಃ ಶಾಲೆ ಶುರುವಾ? ಒಣಗಿದೆ, ಒಣಗಿದೆ."

ಒಣಗಿದೆ ಎಂದರು. ನಾನು ಚಪ್ಪಲಿ ಮೆಟ್ಟಿ, ರಸ್ತೆಯಲ್ಲಿ ಸುತ್ತಿ ಹೋಗಿ, ಕಾಲು ನೋಡಿ ಬಂದೆ.